ಗದ್ದೆಗೂ ಹೈವೇಗೂ ಒಂದೇ ಟೈರು

ರೀ,

ಪಿಕಪ್ಪು ಕಾಣಿಸದಿದ್ದರೆ ಗಾಬರಿಯಾಗಬೇಡಿ, ನಾನೇ ತೆಗೆದುಕೊಂಡು ಹೋಗುತ್ತಿದ್ದೇನೆ.

ನೀವು ಕೆ.ಆರ್. ಪೇಟೆಗೆ ಮದುವೆಗೆ ಹೋದ ಮೇಲೆ ಹೊಸ ಟೈರು ಹಾಕಿಸಿಯೇಬಿಟ್ಟೆ. ನೀವು ಕೇಳಿದ ದಪ್ಪ ಹಲ್ಲಿನದಲ್ಲ, ನಾನು ಹೇಳುತ್ತಿದ್ದ ರೋಡಿನದೂ ಅಲ್ಲ, ಗದ್ದೆ, ರೋಡು ಎರಡಕ್ಕೂ ಆಗುವಂಥದ್ದು.

ನಂಬಿಕೆ ಬರಲಿ ಅಂತ ಅತ್ತೆಯನ್ನು ಪಕ್ಕ ಕೂರಿಸಿಕೊಂಡು ಕಬ್ಬಿನ ಗದ್ದೆಗೇ ಇಳಿಸಿದೆ. ಹೋದ ವಾರ ನೀವು ಹೂತುಕೊಂಡು ಟ್ರಾಕ್ಟರಿನಿಂದ ಎಳೆಸಿಕೊಂಡ ಅದೇ ಜಾಗ! ನಡುವೆ ಚಕ್ರ ಜಾರಿತು, ನಾನು ಬ್ರೇಕಿಗೆ ಕಾಲಿಡಹೋದೆ. ಅತ್ತೆ, "ನಿಲ್ಲುಸ್‌ಬ್ಯಾಡ ಕಣವ್ವ, ಒತ್ತು!" ಅಂತ ಕೂಗಿದರು. ಆಕ್ಸಿಲರೇಟರ್ ಒತ್ತಿದೆ. ಸರ್ರನೆ ಏರಿಗೆ ಹತ್ತಿಬಿಟ್ಟೆವು ರೀ! ಇಬ್ಬರೂ ಕೆಸರು ಮುಖದಲ್ಲಿ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಹೈವೇಯಲ್ಲೂ ಓಡಿಸಿದೆ, ಗುಂಯ್ ಅನ್ನುವ ಸದ್ದೇ ಇಲ್ಲ.

ಅದೇ ಧೈರ್ಯದಲ್ಲಿ ನಾಗಮಂಗಲದಿಂದ ಮೈಸೂರಿಗೆ ಎಳನೀರಿನ ಬಾಡಿಗೆ ಒಪ್ಪಿಕೊಂಡಿದ್ದೇನೆ. ನನ್ನ ಮೊದಲನೇ ಬಾಡಿಗೆ! "ನಿನ್ ಕೈಲಿ ಲೋಡು ಆಗಲ್ಲ ಬುಡು" ಅಂದಿದ್ದಿರಲ್ಲ, ಇವತ್ತು ನೋಡಿ.

ಹಾಲು ಡೇರಿಗೆ ಹಾಕಿ. ಸೀಮೆಹಸುವಿಗೆ ಬೂಸಾ ನೆನೆಸಿಟ್ಟಿದ್ದೇನೆ. ಬಸ್ಸಾರು ಇದೆ, ಮುದ್ದೆ ನೀವೇ ತಿರುವಿಕೊಳ್ಳಿ.

ಅತ್ತೆಯನ್ನು ಹುಡುಕಬೇಡಿ. ಬೇಡ ಅಂದರೂ ಮುಂದಿನ ಸೀಟಿನಲ್ಲಿ ಕೂತು ಒಂದೇ ಸಮನೆ ಹಾರನ್ ಒತ್ತುತ್ತಿದ್ದಾರೆ.

ಪ್ರಮೀಳಾ