ಮಗ್ಗಿ ಹೇಳಿಸಿದ ದಿನಗಳು

ಜುಲೈ 9, 2003, ಬುಧವಾರ

ಸಂಜೆಯಿಂದ ಕರೆಂಟ್ ಇಲ್ಲ. ಕ್ಯಾಂಡಲ್ ಬೆಳಕಿನಲ್ಲೇ ಮಗಳು ತನ್ಮಯಿಯ ಕೈಲಿ ಹದಿಮೂರರ ಮಗ್ಗಿ ಹೇಳಿಸಿದೆ. ಐದನೇ ಕ್ಲಾಸಿಗೆ ಬಂದರೂ ಏಳನೇ ಸಾಲಿನಲ್ಲಿ ಗಾಡಿ ನಿಲ್ಲುತ್ತದೆ. ಕೊನೆಗೂ ಬಂತು. ಕೋಕಿಲಾ ಅಡುಗೆಮನೆ ಬಾಗಿಲು ಮುಂದಕ್ಕೆಳೆದುಕೊಂಡಳು. ಹೆಂಡತಿಗೆ ಗಣಿತವೆಂದರೆ ಅಲರ್ಜಿ. ಊಟಕ್ಕೆ ಅವಲಕ್ಕಿ.

ಜುಲೈ 21, ಸೋಮವಾರ

ಸ್ಕೂಲಿನಿಂದ ಫಾರಂ. ಹೊಸದಾಗಿ ಕೌನ್ಸೆಲರ್ ಬಂದಿದ್ದಾರಂತೆ — ಶರಣ್ಯ ಮೇಡಂ. ಅಪ್ಪನಿಗೊಂದು ಫಾರಂ, ಮಗುವಿಗೊಂದು. ಪ್ರಶ್ನೆ ನಾಲ್ಕು: ಜೂನ್‌ನಿಂದೀಚೆಗೆ ಮಗುವಿಗೆ ಎಷ್ಟು ಸಲ ಹೊಡೆದಿದ್ದೀರಿ? ಮನೆಯೋ, ಪೊಲೀಸ್ ಸ್ಟೇಷನ್ನೋ... 'ಇಲ್ಲ' ಎಂದು ಬರೆದು, ಅಂಡರ್‌ಲೈನ್ ಮಾಡಿ, ಸರ್ಕಾರಿ ಸೀಲೊಂದೇ ಬಾಕಿ ಎಂಬ ಗಾಂಭೀರ್ಯದಿಂದ ರುಜು ಹಾಕಿದೆ. ಕೋಕಿಲಾ ಓದಿದಳು. ಮಡಿಸಿ ವಾಪಸ್ ಕೊಟ್ಟಳು.

ಜುಲೈ 28, ಸೋಮವಾರ

ಅರ್ಧ ದಿನದ ರಜೆ ದಂಡ. ಮೇಡಂ ಕರೆಸಿದ್ದರು. ಕೂರಲು ಮಕ್ಕಳ ಕುರ್ಚಿ — ಮೊಣಕಾಲು ಗಲ್ಲಕ್ಕೆ. ತನ್ಮಯಿ ಹನ್ನೊಂದು ಸಲ ಎಂದು ಬರೆದಿದ್ದಾಳೆ. ಹನ್ನೊಂದು! ಜೊತೆಗೆ ಟಿಪ್ಪಣಿ ಬೇರೆ: ಮರದ ಸ್ಕೇಲು, ಎಡಗೈಗೆ ಮಾತ್ರ, ಬಲಗೈಯಲ್ಲಿ ಬರೆಯಬೇಕಲ್ಲ.

ಮಕ್ಕಳ ಕಲ್ಪನೆ ಎಂದೆ. ಎಂದೋ ಒಮ್ಮೆ ಸ್ಕೇಲು ತಾಗಿರಬಹುದು. ಅದು ಹೊಡೆತವೇ?

"ಸರ್, ನೀವು ಒಂದ್ಸಲಾನೂ ಇಲ್ಲ ಅಂತೀರ, ಅವಳು ಹನ್ನೊಂದು ಅಂತಾಳೆ. ನಿಮ್ಮಿಬ್ರಲ್ಲಿ ಯಾರೋ ಸುಳ್ಳು ಹೇಳ್ತಿದೀರ ಅಂತ ನಾನು ಹೇಳ್ತಿಲ್ಲ."

ಹೇಳಿದ ಹಾಗೇ ಆಯಿತಲ್ಲ ತಾಯಿ.

ಶುಕ್ರವಾರ ಅಪ್ಪ ಮಗಳಿಬ್ಬರನ್ನೂ ಎದುರೆದುರು ಕೂರಿಸಿ ಕೇಳುತ್ತಾರಂತೆ. ಅವಳು ಸುಳ್ಳುಗಾತಿ ಅನ್ನಿಸಿಕೊಳ್ಳಬೇಕು, ಇಲ್ಲ ನಾನು ಸುಳ್ಳುಗಾರ. ರೆಕಾರ್ಡ್ ಸೆಕ್ಷನ್ನಿನಲ್ಲಿ ಹತ್ತೊಂಬತ್ತು ವರ್ಷ ಸವೆಸಿದ್ದೇನೆ. ಫೈಲಿನಲ್ಲಿ ಇಲ್ಲದ್ದು ನಡೆದೇ ಇಲ್ಲ. ಈ ಡೈರಿಯನ್ನೇ ಮೇಜಿನ ಮೇಲಿಡುತ್ತೇನೆ. ಹೊಡೆದೆ ಎಂಬ ಒಂದು ಪದ ತೋರಿಸಲಿ.

ಅದೇ ದಿನ, ಸಂಜೆ 7

ತನ್ಮಯಿಯನ್ನು ಕರೆದು, ಯಾವ್ಯಾವ ದಿನ ಹೇಳು ನೋಡೋಣ ಎಂದೆ. ತಡವರಿಸಲಿಲ್ಲ. ಅಪ್ಪ ಗಾಂಧಿ ಬಜಾರಿನಿಂದ ಮಾವಿನಹಣ್ಣು ತಂದ ದಿನ. ಅಜ್ಜಿ ಮಲ್ಲೇಶ್ವರಕ್ಕೆ ಹೋದ ದಿನ. ಕರೆಂಟ್ ಹೋದ ಬುಧವಾರ... ಮಗ್ಗಿ ಇಷ್ಟು ಸರಾಗವಾಗಿ ಬಂದಿದ್ದರೆ ಈ ತಾಪತ್ರಯವೇ ಇರಲಿಲ್ಲ.

ಡೈರಿ ತಿರುವಿದೆ.

ಜೂನ್ 14: ಮಾವಿನಹಣ್ಣು ಹುಳಿ. ಮಗ್ಗಿ ಹೇಳಿಸಿದೆ.
ಜೂನ್ 22: ಅಮ್ಮ ಮಲ್ಲೇಶ್ವರಕ್ಕೆ. ಮಗ್ಗಿ ಹೇಳಿಸಿದೆ.
ಜುಲೈ 9: ಕರೆಂಟ್ ಇಲ್ಲ...

'ಮಗ್ಗಿ ಹೇಳಿಸಿದೆ' ಎಂಬುದನ್ನೆಲ್ಲ ಎಣಿಸಿದೆ. ಮತ್ತೆ ಎಣಿಸಿದೆ. ಹನ್ನೆರಡು. ಕೊನೆಗೆ ಒಂದು ತಪ್ಪು ಸಿಕ್ಕಿತು. ಜುಲೈ 3 ಬಿಟ್ಟಿದ್ದೀಯಲ್ಲ ಎಂದೆ.

"ಅವತ್ತು ಅಷ್ಟು ಜೋರಾಗಿರ್ಲಿಲ್ಲಪ್ಪ. ಅದಕ್ಕೇ ಬರೀಲಿಲ್ಲ."

ಜುಲೈ 31, ಗುರುವಾರ, ಸಂಜೆ

ಎರಡು ದಿನ ಏನೂ ಬರೆದಿಲ್ಲ. ಬರೆಯುವಂಥದ್ದು ಏನಿತ್ತು? ಇವತ್ತು ಸ್ಕೂಲಿಗೆ ಹೋಗಿ ಖಾಲಿ ಫಾರಂ ಕೇಳಿ ತಂದೆ. ಮೇಡಂ ಏನೂ ಕೇಳಲಿಲ್ಲ, ಪುಣ್ಯ. ಹನ್ನೆರಡು ಎಂದು ಅವಳೆದುರಿಗೇ ತುಂಬೋಣ ಎಂದು ತನ್ಮಯಿಯನ್ನು ಕರೆದೆ. ಬಂದಳು. ಬರುವಾಗ ಸ್ಕೇಲನ್ನು ತಾನೇ ತಂದಳು. ಮೇಜಿನ ಮೇಲಿಟ್ಟು ಹದಿಮೂರರ ಮಗ್ಗಿ ಶುರು ಮಾಡಿದಳು. ಮಗ್ಗಿ ಬೇಡ ಮಗಳೇ ಎಂದೆ. ನಂಬಲಿಲ್ಲ. ಏಳನೇ ಸಾಲಿಗೆ ಬಂದು ನಿಂತಿದ್ದಾಳೆ. ಎಡಗೈ ಚಾಚಿಕೊಂಡೇ ಇದ್ದಾಳೆ.