ಮಾಳಿಗೆ ಪದದ ಉತ್ತರದ ಸಾಲು

೪ ಮೇ ೨೦೨೫, ರವಿವಾರ. ಬೆಳಿಗ್ಗೆ ೬.೩೦
ನಲ್ಲಿ ನಿಂತಿತು. ಎರಡೇ ಬಕೆಟ್. ಪತ್ರಿಕೆಯ ಮೊದಲ ಪುಟದಲ್ಲಿ ಮೂರು ತಪ್ಪು. ಕೆಂಪು ಗುರುತು ಹಾಕಿಟ್ಟೆ.
ಜೋಗೇಶ್ವರಿಯ ಈ ಚಾಳನ್ನು ಮೂವತ್ತೊಂದರೊಳಗೆ ಖಾಲಿ ಮಾಡಬೇಕು. ಕೆಡವುತ್ತಾರೆ. ಅದಕ್ಕೂ ಮೊದಲು ನೆರೆಮನೆಯ ರುಕ್ಮಿಣಿಬಾಯಿಯವರ ಮಾಳಿಗೆ ಪದ ಸಂಪೂರ್ಣ ದಾಖಲಾಗಬೇಕು. ಹಿಂದೆ ಪ್ರತಿ ಬೇಸಿಗೆ, ಮಳೆ ಬರುವ ಮುನ್ನ, ಚಾಳಿನ ಹೆಂಗಸರು ಟೆರೇಸಿನ ಸುಣ್ಣದ ಗಚ್ಚನ್ನು ಮರದ ದಮ್ಮಸಿನಿಂದ ಬಡಿಯುತ್ತ ಹಾಡುತ್ತಿದ್ದ ಪದ. ಅದನ್ನು ಬಲ್ಲವರಲ್ಲಿ ಇಲ್ಲಿ ಉಳಿದವರು ಅವರೊಬ್ಬರೇ. ೨೫ಕ್ಕೆ ಆಳಂದಕ್ಕೆ, ಮಗಳ ಮನೆಗೆ ಹೊರಡುತ್ತಾರೆ.

೭ ಮೇ
ಧ್ವನಿಮುದ್ರಣಕ್ಕೆ ಯಕ್ಷಿತಾ ಬಂದಳು. ಕೆಳಗಿನ ಹೋಟೆಲಿನ ಸದಾನಂದರ ಮೊಮ್ಮಗಳು. ಕಾಲೇಜಿನಲ್ಲಿ ‘ಹೆರಿಟೇಜ್ ಪ್ರಾಜೆಕ್ಟ್’. ರುಕ್ಮಿಣಿಬಾಯಿ ಹಾಡಿದರು:

ಬಡಿಯ ಗೆಳತಿ ಬಡಿಯ, ಮಾಳಿಗಿ ಸೋರದಂಗ ಬಡಿಯ,
ನಿನ್ನ ಮನಿಯಾಗ ಏನ ಸೋರತೈತಿ, ಹೇಳ...

ಅಲ್ಲಿಗೆ ನಿಲುಗಡೆ. ಅಂಗೈ ಮಾತ್ರ ನೆಲ ಬಡಿಯುತ್ತದೆ. ನಾಲ್ಕು ಪೆಟ್ಟು. ಮತ್ತೆ ಅದೇ ಪ್ರಶ್ನೆ.
“ಉತ್ತರದ ಸಾಲು?” ಎಂದೆ.
“ಅದು ನಂದಲ್ರೀ ಮಾಸ್ತರ.”
“ಮರೆತಿರಾ?”
“ಮರ್ಯಾಕ ನಾ ಏನ್ ನಿಮ್ಮ ಸಾಲಿ ಹುಡುಗನೇನ?”
ಏಳು ಸಲ ತಡೆದು ಕೇಳಿದೆ. ಎಂಟನೆಯ ಸಲ ಎದ್ದೇ ಹೋದರು.

೯ ಮೇ
ಮುದ್ರಣದಲ್ಲಿನ ಆ ಖಾಲಿ ಜಾಗಗಳನ್ನೆಲ್ಲ ತೆಗೆ, ಎಂದೆ ಯಕ್ಷಿತಾಳಿಗೆ.
“ಸರ್, ಆಜಿ ರುಕ್ತೀ ಹೈ ನಾ... ಯಾರಿಗೋ ವೇಟ್ ಮಾಡಿದ ಹಾಗೆ ಉಂಟು.”
“ಕನ್ನಡದಲ್ಲಿ, ಪೂರ್ಣ ವಾಕ್ಯದಲ್ಲಿ ಹೇಳು.”
ಕತ್ತರಿಸಿದಳು. ಹನ್ನೊಂದು ನಿಮಿಷದ್ದು ನಾಲ್ಕಾಯಿತು. ಅಚ್ಚುಕಟ್ಟು.

೧೮ ಮೇ
ಒಂಬತ್ತು ದಿನ ವ್ಯರ್ಥ. ಎರಡು ಸಲ ಲೋಕಲ್ ರೈಲು ಬದಲಿಸಿ ವಿಕ್ರೋಳಿಗೆ ಹೋದೆ. ಹಿಂದೆ ನಮ್ಮ ಚಾಳಿನಲ್ಲಿದ್ದ ದಾನೇಶ್ವರಿ ಈಗ ಅಲ್ಲಿದ್ದಾಳೆ. ಪದದ ಮಾತೆತ್ತಿದ್ದೇ ತಡ, ಬಾಯಿಗೆ ಸೆರಗು ಹಿಡಿದು ನಕ್ಕಳು. “ಅಯ್ಯ, ಗಂಡಸರ ಮುಂದ!” ಚಹಾ ಕೊಟ್ಟಳು. ಉತ್ತರ ಕೊಡಲಿಲ್ಲ.
ತಿದ್ದಿದ ಧ್ವನಿಮುದ್ರಣವನ್ನು ರುಕ್ಮಿಣಿಬಾಯಿಯವರಿಗೆ ಕೇಳಿಸಿದೆ. ಮುಖ ಸಣ್ಣದಾಯಿತು.
“ನನ್ನ ಗೆಳತ್ಯಾರ ಜಾಗಾನ ತಗದೀರಲ್ರೀ.”
ಮೂಲ ಪ್ರತಿ ಕೇಳಿದರೆ ಯಕ್ಷಿತಾ ತಲೆ ತಗ್ಗಿಸಿದಳು. ಅಳಿಸಿದ್ದಾಳೆ. ‘ಇನ್ನು ಅದು ಬೇಡ’ ಎಂದವನು ನಾನೇ.

೨೨ ಮೇ. ಮಧ್ಯಾಹ್ನ
ಊಟಕ್ಕೆ ಕುಳಿತು ಸಿಡುಕಿದೆ: ಇಡೀ ಚಾಳಿನಲ್ಲಿ ಉತ್ತರ ಬಲ್ಲವರು ಒಬ್ಬರೂ ಇಲ್ಲವೆ?
ಹೆಂಡತಿ ಅನುರಾಧಾ ಸಾರು ಬಡಿಸುತ್ತಲೇ ಹೇಳಿದಳು: “ನಾ ಹದಿನಾರು ಬ್ಯಾಸಗಿ ಬಡದೀನಿ.”
“ನನಗೆ ಹೇಳಲೇ ಇಲ್ಲ!”
“ಕೇಳಿದ್ರೇನು? ಆವಾಗ ಮೇ ತಿಂಗಳ ತುಂಬ ಉತ್ತರಪತ್ರಿಕಿ ತಿದ್ದಾಕತ್ತಿದ್ರಿ.”
ಉತ್ತರ ಬಾಯಿಪಾಠದ್ದಲ್ಲವಂತೆ. ಪ್ರತಿ ಹೆಂಗಸೂ ತನ್ನ ಮನೆಯ ದೂರನ್ನು ಅಲ್ಲಿಯೇ, ನಾಲ್ಕು ಪೆಟ್ಟಿನೊಳಗೆ ಕಟ್ಟಿ ಹಾಡಬೇಕು. ಆ ಹೊತ್ತು ಗಂಡಸರು ಟೆರೇಸು ಹತ್ತುವಂತಿಲ್ಲ. ನಾನು ಎದುರಿಗೆ ಕುಳಿತು, ಪೆನ್ನು ಹಿಡಿದು, ಪ್ರತಿಸಲವೂ ಆ ಸಾಲಿಗೇ ಅಡ್ಡ ಬಂದಿದ್ದೆ.
ಮದುವೆಯಾಗಿ ನಲವತ್ತು ವರ್ಷ. ಸಾರಿಗೆ ಉಪ್ಪು ಹೆಚ್ಚಾಗಿತ್ತು. ಹೇಳಲಿಲ್ಲ.

೨೪ ಮೇ. ಸಂಜೆ ೫.೧೦
ರುಕ್ಮಿಣಿಬಾಯಿ ನಾಳೆ ಹೊರಡುತ್ತಾರೆ. ಅವರು, ಅನುರಾಧಾ, ಯಕ್ಷಿತಾ ಮೂವರೂ ಟೆರೇಸಿನಲ್ಲಿ. ಯಕ್ಷಿತಾಳಿಗೆ ಪ್ರವೇಶ, ಫೋನಿಗಿಲ್ಲ. ನಾನು ಕೆಳಗೆ, ಮೆಟ್ಟಿಲ ತಿರುವಿನಲ್ಲಿ, ನೋಟ್‌ಬುಕ್ ಸಮೇತ. ಸರಿಯಲ್ಲ, ಬಲ್ಲೆ. ಆದರೆ ಇದು ಕಡೆಯ ಅವಕಾಶ.
ದಮ್ಮಸಿನ ಸದ್ದು. ಪ್ರಶ್ನೆ. ಯಕ್ಷಿತಾ ತಡವರಿಸಿದಳು: “ನನ್ನ ಮನೆಯಲ್ಲಿ, ಆಜಿ... ಮೇರೀ ಬಾತ್ ಯಾರೂ ಪೂರಾ ಕೇಳುದಿಲ್ಲ...” ನಗು. ಅದನ್ನೂ ಪದದೊಳಗೆ ಸೇರಿಸಿಕೊಂಡರು.
ಮತ್ತೆ ಪ್ರಶ್ನೆ. ನಾಲ್ಕು ಪೆಟ್ಟು. ಅನುರಾಧಾ. ಇವಳ ಕಂಠ ಇಷ್ಟು ದೊಡ್ಡದೆ?

ನಮ್ಮನಿ ಮಾಸ್ತರ ನಾ ಅತ್ತರೂ ತಪ್ಪ ಎಣಸತಾನ,
ಅದಕ ಗೆಳತಿ ನಾ ಇಷ್ಟು ವರ್ಷ...

ಉಳಿದ ಸಾಲು ನನ್ನದಲ್ಲ; ಪೆನ್ನು ಮುಚ್ಚಿ ಮೆಟ್ಟಿಲಿಳಿದೆ.