ಎಲ್ನಾಳ ಎರಡು ನಿಮಿಷ

ಕ್ಲಾಂಗ್, ಮಲೇಷ್ಯಾ, ಗುರುವಾರ

ಪ್ರೀತಿಯ ಗುಲಾಬಿ ಚಿಕ್ಕಮ್ಮ,

ನಮ್ಮ ಆಸ್ಪತ್ರೆಯ ವಾರ್ಡಿನಲ್ಲಿ ತೊಂಬತ್ತು ದಾಟಿದ ಮಾರ್ಗಿಟ್ ಎಂಬ ಅಜ್ಜಿಯಿದ್ದಾರೆ. ಅವರ ತಾಯಿ ಎಲ್ನಾ ಸ್ವೀಡನ್ನಿನ ಮೂಕಿ ಚಿತ್ರಗಳ ನಟಿ. ಒಂದು ಕಾಲಕ್ಕೆ ಅಲ್ಲಿ ಗೋಡೆಗೋಡೆಯ ಮೇಲೂ ಆಕೆಯ ಮುಖವಿತ್ತಂತೆ. ಟಾಕಿ ಬಂದ ಮೇಲೆ ಯಾರೂ ಕರೆಯಲಿಲ್ಲ. ಇಲ್ಲಿನ ರಬ್ಬರ್ ತೋಟದ ಮ್ಯಾನೇಜರನನ್ನು ಮದುವೆಯಾಗಿ ಬಂದವರು, ಮಗಳಿಗೆ ಎರಡು ತುಂಬುವಾಗ ಜ್ವರದಲ್ಲಿ ತೀರಿಕೊಂಡರು. ಮಾರ್ಗಿಟ್‌ಗೆ ತಾಯಿಯ ಮುಖವೂ ನೆನಪಿಲ್ಲ, ದನಿಯೂ ನೆನಪಿಲ್ಲ. ಚಿತ್ರಗಳೆಲ್ಲ ಎಂದೋ ಸುಟ್ಟುಹೋಗಿವೆ.

ಹೇಗೋ ಉಳಿದಿದ್ದ ಎರಡು ನಿಮಿಷದ ತುಣುಕೊಂದನ್ನು ಮೊಮ್ಮಗಳು ಹುಡುಕಿ ತರಿಸಿ, ನಿನ್ನೆ ಫೋನಿನಲ್ಲಿ ತೋರಿಸಿದಳು. ಕಿಟಕಿಯ ಬಳಿ ನಿಂತ ಎಲ್ನಾ ನಮ್ಮತ್ತ ತಿರುಗಿ ಏನೋ ಹೇಳುತ್ತಾರೆ.

"ಡಾಕ್ಟರ್, ಅಮ್ಮ ಏನು ಹೇಳ್ತಿದ್ದಾಳೆ? ಸೌಂಡ್ ಜಾಸ್ತಿ ಮಾಡಿ ಲಾ," ಎಂದರು ಮಾರ್ಗಿಟ್, ಇಲ್ಲಿನವರ ಧಾಟಿಯಲ್ಲಿ.

"ಇದರಲ್ಲಿ ಸೌಂಡೇ ಇಲ್ಲ, ಆಂಟಿ."

ಅವರು ನಂಬಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ತುಣುಕು ಮುಗಿದ ಮೇಲೂ ಕೈ ಇಳಿಸಲಿಲ್ಲ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ನನ್ನ ಶೀತ ವಾಸಿಯಾಗಿದೆ. ನಿಮ್ಮ ಕಿವಿಯ ಮೆಷಿನ್ ರಿಪೇರಿಯಾಯಿತೇ? ಆದ ಕೂಡಲೇ ತಿಳಿಸಿ, ಫೋನ್ ಮಾಡುತ್ತೇನೆ. ನಿಮ್ಮ ದನಿ ಕೇಳಬೇಕು. ಡ್ಯೂಟಿಗೆ ಹೊತ್ತಾಯಿತು.

ನಿಮ್ಮ
ಶರ್ಮಿಳಾ